ಓಮ್ನಿಗೆ ದಾರಿ ತೋರಿಸಲು ಏನು ತಗೊಂಡೆ, ಯಾಕೆ ತಗೊಂಡೆ

ನಾನು ಮೈಸೂರಿನಲ್ಲಿ ಸೋಲಾರ್ ವಾಟರ್ ಹೀಟರ್ ರಿಪೇರಿ ಮಾಡುತ್ತೇನೆ. ಅಂಗಡಿ ಹೆಬ್ಬಾಳದಲ್ಲಿ, ಆದರೆ ಗಿರಾಕಿಗಳು ಜಾಸ್ತಿ ಮಂಡ್ಯ ಕಡೆಯವರು. ಪಾಂಡವಪುರ, ಕೆ.ಆರ್. ಪೇಟೆ, ಮಳವಳ್ಳಿ, ಕೆಲವು ಸಲ ನಾಗಮಂಗಲದವರೆಗೂ ಹೋಗುತ್ತೇನೆ. ಗಾಡಿ ಮಾರುತಿ ಓಮ್ನಿ. ಹಿಂದೆ ಗಾಜಿನ ಟ್ಯೂಬು, ಏಣಿ, ಪೈಪು. ಮುಂದೆ ನಾನು, ನನ್ನ ಜೊತೆ ಕೆಲಸ ಮಾಡುವ ಹುಡುಗ. ಎಸಿ ಇಲ್ಲ, ಸ್ಕ್ರೀನ್ ಇಲ್ಲ. ಈ ಗಾಡಿಗೆ ಅಂತಲೇ ಒಂದು ದಾರಿ ತೋರಿಸುವ ಸಾಧನ ಬೇಕಿತ್ತು. ಏನೇನು ನೋಡಿದೆ, ಯಾವುದನ್ನು ಯಾಕೆ ಬಿಟ್ಟೆ ಅಂತ ಇಲ್ಲಿ ಬರೆದಿಡುತ್ತಿದ್ದೇನೆ. ಕೇಳುವವರು ತುಂಬಾ ಜನ, ಎಲ್ಲರಿಗೂ ಬಾಯಲ್ಲಿ ಹೇಳಿ ಸಾಕಾಗಿದೆ.

ಮೊದಲ ಪ್ರಶ್ನೆ ಎಲ್ಲರದ್ದೂ ಒಂದೇ. ಕೈಯಲ್ಲಿ ಫೋನ್ ಇದೆಯಲ್ಲ, ಇನ್ನೊಂದು ಯಾಕೆ?

ನನ್ನ ಫೋನೇ ನನ್ನ ಆಫೀಸು. ದಿನವಿಡೀ ಬಡ್ಕೊಳ್ತಾನೇ ಇರುತ್ತದೆ. ಸರಿಯಾಗಿ ತಿರುವು ಬರುವ ಹೊತ್ತಿಗೆ ಯಾರಾದರೂ "ಸಾರ್, ನೀರು ಕಾಯ್ತಾನೇ ಇಲ್ಲ" ಅಂತ ಕಾಲ್ ಮಾಡುತ್ತಾರೆ. ಮ್ಯಾಪ್ ಇದ್ದ ಜಾಗದಲ್ಲಿ ಅವರ ಹೆಸರು ಬರುತ್ತದೆ, ತಿರುವು ಹಿಂದೆ ಹೋಗುತ್ತದೆ. ಆಮೇಲೆ ಅದೇ ಫೋನನ್ನು ಟೆರೇಸಿಗೆ ತಗೊಂಡು ಹೋಗಿ ಟ್ಯಾಂಕಿನ ಫೋಟೋ ತೆಗೀಬೇಕು, ದುಡ್ಡು ಹಾಕಿಸಿಕೊಳ್ಳಬೇಕು. ಮಧ್ಯಾಹ್ನಕ್ಕೆಲ್ಲ ಬ್ಯಾಟರಿ ಖಾಲಿ. ಮಾತಾಡುವ ಫೋನು ಬೇರೆ, ದಾರಿ ತೋರಿಸುವುದು ಬೇರೆ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮನೆಯಿಂದ ಆಫೀಸಿಗೆ ಹೋಗಿ ಬರುವವರಿಗೆ ಇದೆಲ್ಲ ಬೇಡ, ಅವರು ಸುಮ್ನೆ ಒಂದು ಹೋಲ್ಡರ್ ತಗೊಂಡರೆ ಸಾಕು.

ಪುಕ್ಕಟೆ ಸಿಕ್ಕಿದ್ದನ್ನು ಮೊದಲು ನೋಡಿದೆ. ಒಬ್ಬ ಸ್ನೇಹಿತರ ಮನೆಯಲ್ಲಿ ಹಳೇ ಗಾರ್ಮಿನ್ ನೂವಿ ಇತ್ತು. ಫೋನಿನಲ್ಲಿ ಮ್ಯಾಪ್ ಬರುವುದಕ್ಕೆ ಮುಂಚೆ ಕಾರಿನವರು ಗಾಜಿಗೆ ಅಂಟಿಸಿಕೊಳ್ಳುತ್ತಿದ್ದರಲ್ಲ, ಅದು. ಸ್ಪೀಕರ್ ಭಾರಿ ಜೋರು, ಓಮ್ನಿ ಇಂಜಿನ್ ಸದ್ದಿನಲ್ಲೂ ಕೇಳುತ್ತದೆ. ಬೇರೆ ಯಾವ ಕೆಲಸವೂ ಮಾಡದ ಸಾಧನ ಅನ್ನುವುದೇ ಅದರ ದೊಡ್ಡ ಗುಣ. ಆದರೆ ಒಳಗಿದ್ದ ಮ್ಯಾಪ್ ಯಾವ ಕಾಲದ್ದೋ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಗಿದ್ದು 2023ರ ಮಾರ್ಚ್ 12ಕ್ಕೆ. ಅದಕ್ಕೆ ಆ ರಸ್ತೆ ಹುಟ್ಟೇ ಇಲ್ಲ. ಮಂಡ್ಯ ಬೈಪಾಸಿನಲ್ಲಿ ಹೋಗುವಾಗ ನಮ್ಮ ಗಾಡಿಯ ಗುರುತು ಖಾಲಿ ಜಾಗದಲ್ಲಿ ತೇಲುತ್ತಿತ್ತು. ಹುಡುಗ ನೋಡಿ, "ಅಣ್ಣ, ಗದ್ದೆ ಒಳಗೆ ಎಂಬತ್ತರಲ್ಲಿ ಹೋಯ್ತಾ ಇದ್ದೀವಿ" ಅಂದ.

ಹಳೇ ಸಾಧನಗಳಲ್ಲಿ ಇನ್ನೊಂದು ಮಜಾ ಇದೆ. ಜಿಪಿಎಸ್ ಉಪಗ್ರಹಗಳು ವಾರಗಳನ್ನು ಎಣಿಸಿ ತಾರೀಖು ಹೇಳುತ್ತವೆ. 1024 ವಾರ ತುಂಬಿದ ಮೇಲೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. 1999ರ ಆಗಸ್ಟಿನಲ್ಲಿ ಒಂದು ಸಲ ಹಾಗೆ ಆಯಿತು, 2019ರ ಏಪ್ರಿಲ್ 6ಕ್ಕೆ ಮತ್ತೊಂದು ಸಲ. ಸಾಫ್ಟ್‌ವೇರ್ ಅಪ್‌ಡೇಟ್ ಆಗದ ಹಳೇ ಸಾಧನಗಳು ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಖು ತೋರಿಸಬಹುದು. ಸೆಕೆಂಡ್ ಹ್ಯಾಂಡಿನಲ್ಲಿ ಇಂಥದ್ದು ಯಾರಾದರೂ ಅಗ್ಗಕ್ಕೆ ಕೊಟ್ಟರೆ ತಾರೀಖು ಒಂದು ಸಲ ನೋಡಿ.

ಆಮೇಲೆ ಟ್ಯಾಬ್. ದೊಡ್ಡ ಸ್ಕ್ರೀನು, ಕನ್ನಡಕ ಮರೆತರೂ ಕಾಣುತ್ತದೆ ಅಂತ ಆಸೆ. ಇಲ್ಲಿ ಒಂದು ಗುಂಡಿ ಇದೆ, ತುಂಬಾ ಜನ ಬೀಳುತ್ತಾರೆ. ಬರೀ ವೈಫೈ ಇರುವ ಟ್ಯಾಬ್‌ಗಳಲ್ಲಿ ಹಲವಕ್ಕೆ ಜಿಪಿಎಸ್ಸೇ ಇರುವುದಿಲ್ಲ. ಐಪ್ಯಾಡ್‌ನಲ್ಲೂ ಹಾಗೇ, ಸಿಮ್ ಹಾಕುವ ಮಾದರಿಗೆ ಮಾತ್ರ ಜಿಪಿಎಸ್ ಇದೆ. ಅಂಗಡಿಯಲ್ಲಿ ಮ್ಯಾಪ್ ತೆರೆದು ನೋಡಿದರೆ ನೀಲಿ ಚುಕ್ಕೆ ಸರಿಯಾಗೇ ಕಾಣುತ್ತದೆ, ಯಾಕೆಂದರೆ ಅದು ಸುತ್ತಮುತ್ತಲಿನ ವೈಫೈ ನೋಡಿ ಅಂದಾಜು ಮಾಡಿರುತ್ತದೆ. ಶ್ರೀರಂಗಪಟ್ಟಣ ದಾಟಿದ ಮೇಲೆ ಯಾರ ಮನೆ ವೈಫೈ ಸಿಗಬೇಕು? ಮೈಸೂರಿನ ಒಂದು ಅಂಗಡಿಯವರು "ಎಲ್ಲಾ ಬರುತ್ತೆ ಸಾರ್" ಅಂತ ಹೇಳಿ ಇಂಥದ್ದೇ ಒಂದನ್ನು ಕೈಗೆ ಕೊಟ್ಟರು. ಡಬ್ಬದ ಮೇಲೆ ಜಿಪಿಎಸ್ ಅನ್ನುವ ಅಕ್ಷರ ತೋರಿಸಿ ಅಂದೆ. ಹುಡುಕಿದರು, ಸಿಗಲಿಲ್ಲ, ವಾಪಸ್ ಇಟ್ಟರು. ಜಿಪಿಎಸ್ ಇರುವ ಟ್ಯಾಬ್ ಸಿಕ್ಕರೂ ಓಮ್ನಿಯಲ್ಲಿ ಕಷ್ಟ. ಡ್ರೈವರ್ ಮುಂದೆ ಮೂತಿಯೇ ಇಲ್ಲದ ಗಾಡಿ ಅದು. ಎಂಟು ಇಂಚಿನ ಹಲಗೆ ನಿಲ್ಲಿಸಿದರೆ ಎದುರಿಗೆ ಬರುವ ಸೈಕಲ್ ಕಾಣುವುದಿಲ್ಲ.

ನಮ್ಮ ಭಾವ ಹೊರದೇಶದಲ್ಲಿದ್ದಾರೆ. ಬೆಟ್ಟ ಹತ್ತುವವರು ಇಟ್ಟುಕೊಳ್ಳುವ ಗಾರ್ಮಿನ್ ಈಟ್ರೆಕ್ಸ್ ತರಲಾ ಅಂದರು. ಅಂಗೈಯಷ್ಟು ಸಾಧನ, ಎರಡು ಪೆನ್ ಟಾರ್ಚ್ ಸೆಲ್ಲಿನಲ್ಲಿ ಇಡೀ ದಿನ ಓಡುತ್ತದೆ, ಬಿಸಿಲು ಹೆಚ್ಚಿದಷ್ಟೂ ಅದರ ಪರದೆ ಚೆನ್ನಾಗಿ ಕಾಣುತ್ತದೆ. ನನಗೆ ಬಾಯಲ್ಲಿ ನೀರು ಬಂತು. ಆದರೆ ಪರದೆ ಎರಡು ಇಂಚಿಗೆ ಸ್ವಲ್ಪ ಜಾಸ್ತಿ ಅಷ್ಟೇ, ಬಾಯಿ ಬಿಟ್ಟು ಎಡ ಬಲ ಹೇಳುವುದಿಲ್ಲ. ನಡೆಯುವವನಿಗೆ ಸರಿ, ಓಡಿಸುವವನಿಗೆ ಅಲ್ಲ. ಹೊರಗಿನಿಂದ ತರಿಸುವವರು ಒಂದು ವಿಷಯ ಗಮನದಲ್ಲಿಡಿ. ನೋಡೋಕೆ ಹೆಚ್ಚುಕಮ್ಮಿ ಹೀಗೇ ಇರುವ ಇನ್‌ರೀಚ್ ಅನ್ನುವ ಸಾಧನ ಇದೆ. ಅದು ಉಪಗ್ರಹದ ಮೂಲಕ ಮೆಸೇಜ್ ಕಳಿಸುತ್ತದೆ. ಅಂಥದ್ದನ್ನು ಸರ್ಕಾರದ ಅನುಮತಿ ಇಲ್ಲದೆ ನಮ್ಮ ದೇಶಕ್ಕೆ ತರುವ ಹಾಗಿಲ್ಲ, ಏರ್‌ಪೋರ್ಟಿನಲ್ಲೇ ಹಿಡಿಯುತ್ತಾರೆ. ಭಾವನಿಗೆ ಚಾಕೊಲೇಟ್ ಸಾಕು ಅಂದೆ.

ಕಾರಿಗೆ ಕೂರಿಸುವ ಆಂಡ್ರಾಯ್ಡ್ ಸ್ಟೀರಿಯೋ ವಿಚಾರ ಬಿಡಿ. ತೋಟದ ಮನೆಗೆ ಗಾಡಿ ಬಿಟ್ಟು ನಡೆದು ಹೋಗುವಾಗ ಅದನ್ನು ಕಿತ್ತುಕೊಂಡು ಹೋಗೋಕಾಗಲ್ಲ.

ಉಳಿದದ್ದು ಹಳೇ ಫೋನು. ಸಿಮ್ ಇಲ್ಲದ ಫೋನಿನಲ್ಲಿ ಜಿಪಿಎಸ್ ಬರಲ್ಲ ಅಂತ ಈಗಲೂ ಎಷ್ಟೋ ಜನ ನಂಬಿದ್ದಾರೆ. ಬರುತ್ತದೆ. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಮೇಲಿಂದ ಕಳಿಸುವ ಸಿಗ್ನಲ್ ಅದು, ಟವರ್‌ಗೂ ಅದಕ್ಕೂ ಸಂಬಂಧ ಇಲ್ಲ. ಕನಿಷ್ಠ ನಾಲ್ಕು ಉಪಗ್ರಹ ಕಂಡರೆ ಫೋನು ತಾನು ಎಲ್ಲಿದ್ದೀನಿ ಅಂತ ಲೆಕ್ಕ ಹಾಕಿಕೊಳ್ಳುತ್ತದೆ. ನೆಟ್ ಇದ್ದರೆ ಯಾವ ಉಪಗ್ರಹ ಎಲ್ಲಿದೆ ಅನ್ನುವ ಪಟ್ಟಿ ಬೇಗ ಸಿಗುತ್ತದೆ, ಅಷ್ಟೇ. ಇಲ್ಲದಿದ್ದರೆ ಅದನ್ನೂ ಉಪಗ್ರಹದಿಂದಲೇ ನಿಧಾನಕ್ಕೆ ಕೇಳಿಸಿಕೊಳ್ಳಬೇಕು, ಪೂರ್ತಿ ಪಟ್ಟಿಗೆ ಹನ್ನೆರಡೂವರೆ ನಿಮಿಷ ಹಿಡಿಯುತ್ತದೆ. ಹಾಗಾಗಿ ಅಂಗಡಿಯ ವೈಫೈ ಇರುವಾಗಲೇ ಒಂದು ಸಲ ಮ್ಯಾಪ್ ತೆರೆದು ಹೊರಡುತ್ತೇನೆ.

ಯಾವ ಫೋನು ಅನ್ನುವುದನ್ನು ನಿರ್ಧಾರ ಮಾಡಿಸಿದ್ದು ಹೆದ್ದಾರಿ. ಮೈಸೂರು–ಮಂಡ್ಯ ಓಡಾಡುವವರಿಗೆ ಗೊತ್ತು, ನಡುವೆ ಆರು ಲೇನಿನ ಮುಖ್ಯ ರಸ್ತೆ, ಎರಡೂ ಪಕ್ಕ ಸರ್ವಿಸ್ ರೋಡ್. ಎರಡರ ನಡುವೆ ಒಂದು ಬೇಲಿ, ಎಷ್ಟೋ ಕಡೆ ಕೆಲವೇ ಮೀಟರ್ ಅಂತರ. ಮಾಮೂಲಿ ಫೋನಿನ ಜಿಪಿಎಸ್ ಬಯಲಿನಲ್ಲಿ ಹೆಚ್ಚುಕಮ್ಮಿ 5 ಮೀಟರ್ ಆಚೀಚೆ ಹೇಳುತ್ತದೆ. ಅಂದರೆ ನೀವು ಮುಖ್ಯ ರಸ್ತೆಯಲ್ಲಿದ್ದೀರೋ ಸರ್ವಿಸ್ ರೋಡಿನಲ್ಲಿದ್ದೀರೋ ಅನ್ನುವುದೇ ಅದಕ್ಕೆ ಅನುಮಾನ. ಮೇಲ್ಸೇತುವೆ ಬಂದರೆ ಇನ್ನೂ ಕಷ್ಟ, ಮೇಲೆ ಒಂದು ರಸ್ತೆ, ಕೆಳಗೆ ಒಂದು. ಮ್ಯಾಪ್ ಗಾಡಿಯನ್ನು ಸರ್ವಿಸ್ ರೋಡಿಗೆ ಅಂಟಿಸಿಬಿಟ್ಟರೆ, ನೂರು ಮೀಟರಿನಲ್ಲಿ ಎಡಕ್ಕೆ ತಿರುಗಿ ಅನ್ನುತ್ತದೆ. ಎಡಕ್ಕೆ ನೋಡಿದರೆ ತಡೆಗೋಡೆ. ಇಳಿಯುವ ಜಾಗ ತಪ್ಪಿತು ಅಂದರೆ ಮುಂದಿನದ್ದು ಸಿಗುವವರೆಗೆ ಓಡುತ್ತಲೇ ಇರಬೇಕು, ತಿರುಗಿ ಬರೋಕೆ ಡೀಸೆಲ್ಲೋ ಪೆಟ್ರೋಲೋ ನಮ್ಮದು.

ಇದಕ್ಕೆ ಪೂರ್ತಿ ಔಷಧಿ ಇಲ್ಲ. ಆದರೆ ಎರಡು ತರಂಗಾಂತರ ಹಿಡಿಯುವ ಫೋನುಗಳು ಈ ವಿಷಯದಲ್ಲಿ ವಾಸಿ. ಹಳೇ ಫೋನುಗಳು 1575.42 ಮೆಗಾಹರ್ಟ್ಸ್‌ನ ಎಲ್1 ಸಿಗ್ನಲ್ ಒಂದನ್ನೇ ಕೇಳುತ್ತವೆ. ಹೊಸವು ಕೆಲವು 1176.45ರ ಎಲ್5 ಕೂಡ ಕೇಳುತ್ತವೆ. ಕಾಂಕ್ರೀಟ್ ಗೋಡೆಗೆ ಬಡಿದು ಬಂದ ಸಿಗ್ನಲ್ ಯಾವುದು, ನೇರ ಬಂದದ್ದು ಯಾವುದು ಅಂತ ಎಲ್5ನಲ್ಲಿ ಚೆನ್ನಾಗಿ ಬೇರೆ ಮಾಡಬಹುದು. ನಂಬಿಕೆ ಬರಲಿ ಅಂತ ಎರಡು ಫೋನು ಪಕ್ಕಪಕ್ಕ ಇಟ್ಟುಕೊಂಡು ಗಣಂಗೂರು ಟೋಲ್ ದಾಟಿ ಮಂಡ್ಯದವರೆಗೆ ಹೋದೆವು. ಹುಡುಗ ಎರಡನ್ನೂ ನೋಡಿ ಹೇಳುತ್ತಿದ್ದ. ಹಳೆಯದು ಆಗಾಗ ಸರ್ವಿಸ್ ರೋಡಿಗೆ ಹಾರಿ ವಾಪಸ್ ಬರುತ್ತಿತ್ತು. ಎರಡು ತರಂಗಾಂತರದ್ದು ಸುಮಾರಾಗಿ ನಡುವೆಯೇ ನಿಂತಿತ್ತು. ಸೇತುವೆ ಕೆಳಗೆ ಮಾತ್ರ ಎರಡೂ ತಬ್ಬಿಬ್ಬು.

ಎಲ್5 ಬೇಕು ಅನ್ನೋಕೆ ಇನ್ನೊಂದು ಕಾರಣ ನಾವಿಕ್, ಅಂದರೆ ಜಿಪಿಎಸ್ ಥರ ದಾರಿ ತೋರಿಸುವ ನಮ್ಮದೇ ದೇಶದ ಉಪಗ್ರಹಗಳು. ಇಸ್ರೋ 2013ರ ಜುಲೈಯಲ್ಲಿ ಮೊದಲ ಉಪಗ್ರಹ ಬಿಟ್ಟಿತು, 2016ರಲ್ಲಿ ಏಳನೆಯದು ಹೋದಾಗ ನಾವಿಕ್ ಅಂತ ಹೆಸರಾಯಿತು. ಇವು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ, ನಮ್ಮ ದೇಶದ ಮೇಲೇ ಕಣ್ಣಿಟ್ಟುಕೊಂಡು ಇರುತ್ತವೆ. ಪಕ್ಕದ ಹಾಸನದಲ್ಲೇ ಇವುಗಳನ್ನು ನೋಡಿಕೊಳ್ಳುವ ಕೇಂದ್ರ ಇದೆ. ಅಭಿಮಾನದ ಮಾತು ಬೇರೆ, ಸಾಧನೆ ಸಲೀಸಾಗೇನೂ ಬರಲಿಲ್ಲ. ಕೆಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟವು. ಗಡಿಯಾರ ಹೋದರೆ ದಾರಿ ತೋರಿಸುವ ಕೆಲಸವೇ ಹೋಯಿತು. 2023ರ ಮೇನಲ್ಲಿ ಹೋದ ಎನ್‌ವಿಎಸ್-01 ಅನ್ನುವ ಹೊಸ ನಾವಿಕ್ ಉಪಗ್ರಹದಲ್ಲಿ ನಮ್ಮಲ್ಲೇ ಮಾಡಿದ ಗಡಿಯಾರ ಇದೆ, ಎಲ್1 ಸಿಗ್ನಲ್ ಕೂಡ ಇದೆ. ಹಳೇ ನಾವಿಕ್ ಉಪಗ್ರಹಗಳು ಫೋನಿಗೆ ಕೇಳಿಸುವುದು ಎಲ್5ನಲ್ಲೇ. ಫೋನುಗಳಲ್ಲಿ 2020ರಿಂದ ನಾವಿಕ್ ಸಿಗುತ್ತಿದೆ. ಆ ವರ್ಷದ ಜನವರಿಯಲ್ಲಿ ಬಂದ ಸ್ನಾಪ್‌ಡ್ರ್ಯಾಗನ್ 720ಜಿ, 662, 460 ಚಿಪ್‌ಗಳಲ್ಲಿ ಇದು ಇದೆ. ನಾನು ತಗೊಂಡದ್ದು 720ಜಿ ಚಿಪ್ಪಿನ ಸೆಕೆಂಡ್ ಹ್ಯಾಂಡ್ ಫೋನು, ಐದೂವರೆ ಸಾವಿರಕ್ಕೆ. ಹಿಂದಿನ ಗಾಜು ಒಡೆದಿತ್ತು, ಕ್ಯಾಮರಾ ಮಬ್ಬು. ನನಗೇನು, ಅದರಲ್ಲಿ ಸೆಲ್ಫಿ ತೆಗೀಬೇಕಾ?

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಅಂಗಡಿಯೊಳಗೆ ನಿಂತು ದುಡ್ಡು ಕೊಡಬೇಡಿ. ಜಿಪಿಎಸ್ ಟೆಸ್ಟ್ ಅನ್ನುವ ಪುಕ್ಕಟೆ ಆ್ಯಪ್ ಹಾಕಿ, ಬೀದಿಗೆ ಬನ್ನಿ, ಏರೋಪ್ಲೇನ್ ಮೋಡ್ ಮಾಡಿ. ಆಕಾಶ ಕಾಣುವ ಜಾಗದಲ್ಲಿ ಎರಡು ಮೂರು ನಿಮಿಷ ನಿಲ್ಲಿ. ಯಾವ ದೇಶದ ಎಷ್ಟು ಉಪಗ್ರಹ ಕಾಣುತ್ತಿವೆ ಅಂತ ಬಾವುಟದ ಸಮೇತ ಪಟ್ಟಿ ಬರುತ್ತದೆ. ಎಲ್5 ಅಂತ ಸಾಲಿನಲ್ಲಿ ಕಾಣಬೇಕು. ಡಬ್ಬದ ಮೇಲೆ, ಜಾಹೀರಾತಿನಲ್ಲಿ ಏನೇ ಬರೆದಿರಲಿ, ಆ ಪಟ್ಟಿಯೇ ಸತ್ಯ. ದಿಕ್ಸೂಚಿ ಇದೆಯಾ ಅಂತಲೂ ನೋಡಿ. ತೀರಾ ಅಗ್ಗದ ಫೋನುಗಳಲ್ಲಿ ಅದನ್ನು ಬಿಟ್ಟಿರುತ್ತಾರೆ. ಅದಿಲ್ಲದಿದ್ದರೆ ಗಾಡಿ ನಿಂತಾಗ ಯಾವ ಕಡೆ ಮುಖ ಅನ್ನುವುದು ಫೋನಿಗೆ ಗೊತ್ತಾಗಲ್ಲ. ನಾಲ್ಕು ದಾರಿ ಸೇರುವ ಕಡೆ ನಿಂತರೆ ಬಾಣದ ಗುರುತು ಸುತ್ತುತ್ತಲೇ ಇರುತ್ತದೆ. ಒಂದಿಷ್ಟು ದೂರ ಯಾವುದೋ ಒಂದು ಕಡೆ ಹೋದ ಮೇಲೆ ಅದಕ್ಕೆ ಬುದ್ಧಿ ಬರುವುದು.

ಇನ್ನು ಬಿಸಿಲು. ಗಾಜಿನ ಹಿಂದೆ ಬಿಸಿಲು ಏನು ಮಾಡುತ್ತದೆ ಅನ್ನುವುದೇ ನನ್ನ ಅನ್ನ. ನೀರಿಲ್ಲದ ಸೋಲಾರ್ ಟ್ಯೂಬನ್ನು ಬಿಸಿಲಿಗೆ ಬಿಟ್ಟರೆ ಒಳಗೆ 200 ಡಿಗ್ರಿ ದಾಟುತ್ತದೆ. ಆಮೇಲೆ ತಣ್ಣೀರು ಬಿಟ್ಟರೆ ಪಟ್ ಅಂತ ಒಡೆಯುತ್ತದೆ. ಗಾಡಿಯ ಮುಂದಿನ ಗಾಜು ಅಷ್ಟು ಕ್ರೂರಿಯಲ್ಲ, ಆದರೆ ಜಾತಿ ಅದೇ. ಬಿಸಿಲು ಒಳಗೆ ಬರುತ್ತದೆ, ಶಾಖ ಹೊರಗೆ ಹೋಗಲ್ಲ. ಐಫೋನಿನವರು ಬಳಸುವಾಗ ಸುತ್ತ 35 ಡಿಗ್ರಿ ಒಳಗಿರಲಿ, ಸುಮ್ನೆ ಇಟ್ಟಾಗಲೂ 45 ದಾಟಬಾರದು ಅನ್ನುತ್ತಾರೆ. ಏಪ್ರಿಲಿನಲ್ಲಿ ಮಳವಳ್ಳಿ ರಸ್ತೆಯಲ್ಲಿ ಎಸಿ ಇಲ್ಲದ ಓಮ್ನಿಯೊಳಗೆ ಈ ಲೆಕ್ಕ ಕೇಳಿದರೆ ನಗು ಬರುತ್ತದೆ. ಜಿಪಿಎಸ್ ಓಡುತ್ತಿರುತ್ತದೆ, ಪರದೆ ಪೂರ್ತಿ ಬೆಳಕಿನಲ್ಲಿರುತ್ತದೆ, ಚಾರ್ಜೂ ಏರುತ್ತಿರುತ್ತದೆ. ಮೂರೂ ಸೇರಿ ಫೋನು ಒಳಗಿಂದಲೂ ಕಾಯುತ್ತದೆ. ಮೊದಲು ತಾನಾಗೇ ಬೆಳಕು ಕಮ್ಮಿ ಮಾಡಿಕೊಳ್ಳುತ್ತದೆ, ಅಂದರೆ ಬಿಸಿಲು ಜಾಸ್ತಿ ಇದ್ದಾಗಲೇ ಮ್ಯಾಪ್ ಕಾಣಲ್ಲ. ಆಮೇಲೆ ಚಾರ್ಜ್ ನಿಲ್ಲಿಸುತ್ತದೆ. ಹೀಗೇ ಬಿಟ್ಟರೆ ಬ್ಯಾಟರಿ ಊದಿಕೊಂಡು ಪರದೆ ಮೇಲೇಳುತ್ತದೆ.

ಅದಕ್ಕೇ ಗಾಜಿಗೆ ರಬ್ಬರ್ ಅಂಟಿಸುವ ಹೋಲ್ಡರ್ ನಾನು ತಗೊಳ್ಳಲಿಲ್ಲ. ಬಿಸಿಲಿಗೆ ರಬ್ಬರೂ ಬಿಟ್ಟುಕೊಳ್ಳುತ್ತದೆ, ಫೋನು ಪೆಡಲ್ ಹತ್ತಿರ ಬೀಳುತ್ತದೆ. ಬ್ರೇಕ್ ಕೆಳಗೆ ಫೋನು ಸಿಕ್ಕಿಕೊಂಡರೆ ದೇವರೇ ಗತಿ. ಎಸಿ ಕಿಂಡಿಗೆ ಸಿಕ್ಕಿಸುವ ಹೋಲ್ಡರ್ ಎಲ್ಲಕ್ಕಿಂತ ಒಳ್ಳೆಯದು, ತಣ್ಣನೆ ಗಾಳಿ ಫೋನಿನ ಬೆನ್ನಿಗೇ ಬಡಿಯುತ್ತದೆ. ಎಸಿ ಕಾರಿನವರು ಕಣ್ಣು ಮುಚ್ಚಿಕೊಂಡು ಅದನ್ನೇ ತಗೊಳ್ಳಿ. ನನ್ನ ಗಾಡಿಯಲ್ಲಿ ಆ ಭಾಗ್ಯ ಇಲ್ಲ. ಡ್ಯಾಶ್‌ಬೋರ್ಡಿನ ಕೆಳಗಿನ ಅಂಚಿಗೆ, ಮೀಟರ್ ಪಕ್ಕದಲ್ಲಿ, ಎರಡು ಸ್ಕ್ರೂ ಹಾಕಿ ಒಂದು ಕ್ಲಾಂಪ್ ಕೂರಿಸಿದೆ. ಪೈಪಿಗೆ ಹಾಕುವ ಕ್ಲಾಂಪಿನಿಂದಲೇ ಮಾಡಿದ್ದು. ಗಾಜಿನಿಂದ ಒಂದು ಗೇಣು ಹಿಂದೆ, ನೆರಳಿನಲ್ಲಿ. ಫೋನಿನ ಕವರ್ ತೆಗೆದು ಎಸೆದೆ. ಬೆನ್ನು ಬರಿದಾಗಿದ್ದರೆ ಶಾಖ ಹೋಗುತ್ತದೆ. ಗಾಡಿ ನಿಲ್ಲಿಸಿ ಟೆರೇಸ್ ಹತ್ತುವಾಗ ಫೋನು ಸೀಟಿನ ಕೆಳಗಿನ ಡಬ್ಬಕ್ಕೆ ಹೋಗುತ್ತದೆ. ಚಾರ್ಜರ್‌ಗೆ ಎಲೆಕ್ಟ್ರಿಷಿಯನ್ ಹತ್ತಿರ ಬೇರೆ ವೈರ್, ಫ್ಯೂಸ್ ಹಾಕಿಸಿದೆ. ಎರಡು ಆಂಪಿಯರ್‌ಗಿಂತ ಕಮ್ಮಿ ಕೊಡುವ ಚಾರ್ಜರ್ ಪಿನ್ನು ಬೇಡ. ಚಾರ್ಜಿಗೆ ಹಾಕಿದ್ದರೂ ಬ್ಯಾಟರಿ ಇಳಿಯುತ್ತಲೇ ಹೋಗುತ್ತದೆ.

ಕಾನೂನಿನ ಮಾತೂ ಹೇಳಿಬಿಡುತ್ತೇನೆ. 2020ರ ಅಕ್ಟೋಬರ್ 1ರಿಂದ ಜಾರಿಯಾದ ಕೇಂದ್ರ ಮೋಟಾರು ವಾಹನ ನಿಯಮದ ತಿದ್ದುಪಡಿಯಲ್ಲಿ, ಓಡಿಸುವಾಗ ಕೈಯಲ್ಲಿ ಹಿಡಿಯುವ ಸಾಧನವನ್ನು ದಾರಿ ನೋಡಲು ಮಾತ್ರ ಬಳಸಬಹುದು, ಅದೂ ಗಮನ ಕೆಡದ ಹಾಗೆ ಅಂತಿದೆ. ಸಿಮ್ ಇಲ್ಲದ, ಹೋಲ್ಡರಿನಲ್ಲಿರುವ ಫೋನು ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಓಡಿಸುವಾಗ ಅದರಲ್ಲಿ ಬೇರೆ ಏನೂ ಮಾಡಲ್ಲ. ಹುಡುಗ ಹಾಡು ಹಾಕೋಣ ಅಂದ. ನಿನ್ನ ಫೋನಿನಲ್ಲಿ ಹಾಕ್ಕೋ ಅಂದೆ.

ಮ್ಯಾಪ್ ಎರಡು ಇಟ್ಟುಕೊಂಡಿದ್ದೇನೆ. ಗೂಗಲ್ ಮ್ಯಾಪ್‌ನಲ್ಲಿ ಮೈಸೂರು, ಮಂಡ್ಯ, ಚಾಮರಾಜನಗರ ಡೌನ್‌ಲೋಡ್ ಮಾಡಿಟ್ಟಿದ್ದೇನೆ. ನೆಟ್ ಇಲ್ಲದಿದ್ದರೂ ದಾರಿ ಹೇಳುತ್ತದೆ, ಟ್ರಾಫಿಕ್ ಮಾತ್ರ ಹೇಳಲ್ಲ. ದಸರಾ ಸಮಯದಲ್ಲಿ ಊರೊಳಗೆ ರಸ್ತೆಗಳನ್ನೆಲ್ಲ ಒನ್‌ವೇ ಮಾಡಿದಾಗ ನನ್ನ ಇನ್ನೊಂದು ಫೋನಿನಿಂದ ಹಾಟ್‌ಸ್ಪಾಟ್ ಕೊಡುತ್ತೇನೆ. ಎರಡನೆಯದು ಆರ್ಗ್ಯಾನಿಕ್ ಮ್ಯಾಪ್ಸ್. ಇದು ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿ ಬಳಸುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವುದು 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಮ್ಯಾಪ್, ಅದನ್ನು ಯಾರು ಬೇಕಾದರೂ ತಿದ್ದಬಹುದು. ದಾರಿ ತೋರಿಸೋಕೆ ಈ ಆ್ಯಪ್ ನೆಟ್ ಕೇಳುವುದೇ ಇಲ್ಲ. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆ ರೆಸಾರ್ಟಿನವರು ಕರೆದಾಗ ಇದೇ ಗತಿ, ಅಲ್ಲಿ ಟವರ್ ಬಂದರೆ ಬಂತು. ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ ಅನ್ನುವುದನ್ನು ಮಾತ್ರ ನಿಮ್ಮ ತಲೆಯಲ್ಲೇ ಇಟ್ಟುಕೊಳ್ಳಿ, ಮ್ಯಾಪ್ ಹೇಳುತ್ತದೆ ಅಂತ ಕಾಯಬೇಡಿ.

ವಾಟ್ಸಾಪ್ ಕೂಡ ಈ ಫೋನಿಗೆ ಜೋಡಿಸಿದ್ದೇನೆ, ಗಿರಾಕಿ ಕಳಿಸಿದ ಲೊಕೇಷನ್ ಹೊರಡುವ ಮುಂಚೆಯೇ ಅದರಲ್ಲಿ ಬಂದಿರುತ್ತದೆ. ಶಬ್ದ ಬಂದ್ ಮಾಡಿದ್ದೇನೆ. ಲೊಕೇಷನ್ ಬಂತು ಅಂತ ಸಂತೋಷ ಪಡುವ ಹಾಗೂ ಇಲ್ಲ. ಹೀಟರ್ ಇರುವುದು ಬಸರಾಳಿನ ಅಪ್ಪನ ಮನೆಯಲ್ಲಿ, ಲೊಕೇಷನ್ ಕಳಿಸುವುದು ಬೆಂಗಳೂರಿನಲ್ಲಿರುವ ಮಗ. ತಾನು ಕೂತ ಜಾಗದ್ದು! ಪಿನ್ನು ಮಾರತ್ತಹಳ್ಳಿಯಲ್ಲಿ. ಅದಕ್ಕೇ ಕಾಲ್ ಮಾಡಿ ಊರು, ಡೈರಿ, ಅರಳಿಕಟ್ಟೆ ಎಲ್ಲ ಕೇಳಿಕೊಳ್ಳುತ್ತೇನೆ. ಊರಿನ ಹೆಸರಿನಲ್ಲೂ ಎಚ್ಚರ ಇರಲಿ. ಹೊಸಹಳ್ಳಿ ಅಂತ ಹಾಕಿದರೆ ಒಂದು ಪಟ್ಟಿಯೇ ಬರುತ್ತದೆ. ಕೆ.ಎಂ. ದೊಡ್ಡಿ ಅಂದರೂ ಭಾರತೀನಗರ ಅಂದರೂ ಒಂದೇ ಊರು.

ಕೊನೆಗೆ ನಾಲೆ ವಿಷಯ. ಯಾವ ಸಾಧನ ತಗೊಂಡರೂ ಇದು ನೆನಪಿರಲಿ. ಮ್ಯಾಪ್‌ಗೆ ಹತ್ತಿರದ ದಾರಿ ಅಂದರೆ ಪ್ರಾಣ. ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ಜೀಪು ಹೋಗುವಷ್ಟು ಜಾಗ ಕಂಡರೂ ಅದನ್ನೇ ರಸ್ತೆ ಅನ್ನುತ್ತದೆ. ಒಂದು ಕಡೆ ನೀರು, ಒಂದು ಕಡೆ ಇಳಿಜಾರು, ತಡೆಗೋಡೆ ಇಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೇ ನಾಲೆಗೆ ಬಿದ್ದು 30 ಜನ ಹೋದರು. ಅದಾದ ಮೇಲೂ ಕಾರುಗಳು ಬಿದ್ದಿವೆ. ಚಿನಕುರಳಿ ಕಡೆ ಒಂದು ಸಂಜೆ ನಮಗೂ ಏರಿ ಮೇಲೆ ಹೋಗು ಅಂತ ಹೇಳಿತು. ನಾನು ನಿಲ್ಲಿಸಿದೆ. ಎಮ್ಮೆ ಹೊಡ್ಕೊಂಡು ಬರ್ತಿದ್ದ ಅಜ್ಜಿ ನೋಡಿ, "ಆ ಕಡೀಕ್ ಬ್ಯಾಡ ಕಣಪ್ಪ, ಒಸಿ ಹಿಂದಕ್ಕೋಗಿ ಊರೊಳಗಿಂದ ಬನ್ನಿ, ಟಾರ್ ರೋಡ್ ಐತೆ" ಅಂದರು.

ಎರಡೂ ಆ್ಯಪ್ ಸೆಟ್ಟಿಂಗ್ಸ್‌ಗೆ ಹೋಗಿ ನೋಡಿದೆ. ಆರ್ಗ್ಯಾನಿಕ್ ಮ್ಯಾಪ್ಸ್‌ನಲ್ಲಿ ಮಣ್ಣಿನ ದಾರಿ ಬೇಡ ಅನ್ನುವ ಗುಂಡಿ ಇದೆ, ಅದನ್ನು ಒತ್ತಿಟ್ಟಿದ್ದೇನೆ. ಆದರೆ ಮ್ಯಾಪ್‌ನಲ್ಲಿ ಆ ಏರಿಯನ್ನು ಯಾರೋ ಮಾಮೂಲಿ ರಸ್ತೆ ಅಂತಲೇ ಗುರುತು ಹಾಕಿದ್ದರು, ಗುಂಡಿ ಒತ್ತಿ ಪ್ರಯೋಜನ ಇರಲಿಲ್ಲ. ಮನೆಗೆ ಬಂದು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಖಾತೆ ತೆರೆದು, ಅದನ್ನು ಮಣ್ಣಿನ ಜಾಡು ಅಂತ ತಿದ್ದಿದೆ. ಮುಂದಿನ ಅಪ್‌ಡೇಟ್ ಬಂದ ಮೇಲೆ ಅದೇ ಊರಿಗೆ ದಾರಿ ಕೇಳಿದರೆ ಊರೊಳಗಿನ ಟಾರ್ ರೋಡನ್ನೇ ತೋರಿಸಿತು. ಮದ್ದೂರು, ಮಳವಳ್ಳಿ ಕಡೆಯ ಏರಿಗಳು ಇನ್ನೂ ಬಾಕಿ ಇವೆ. ಆ ಕಡೆಯವರು ಯಾರಾದರೂ ಓದುತ್ತಿದ್ದರೆ ನಿಮ್ಮೂರಿನವನ್ನು ನೀವೇ ತಿದ್ದಿ. ಫೋನಿನಲ್ಲೂ ಆಗುತ್ತದೆ, ಕಂಪ್ಯೂಟರ್ ಇದ್ದರೆ ಬೇಗ ಮುಗಿಯುತ್ತದೆ.